ಮಾಮಾಗ ಎಲ್ಲಾ ಗೊತ್ತದ

ಊರೂರು ತಿರುಗುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಗಾಡಿಯ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತವೆ. ನನ್ನ ಗಾಡಿಯಲ್ಲಿ ಕೂತ ಕೆಲವಕ್ಕೆ ಮಾತ್ರ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಕಿಟಕಿಯಲ್ಲಿ ಒಂದು ಲಾರಿ ಕಂಡಿತು, ಹೋಗಿ ಹತ್ತಿದೆ. ಆಮೇಲೆ ಕ್ಲೀನರ್ ಆದೆ, ಬೋರ್‌ವೆಲ್ ಗಾಡಿಯಲ್ಲಿ ಪೈಪು ಹೊತ್ತೆ, ಮದುವೆ ಮನೆಗಳಲ್ಲಿ ಶಾಮಿಯಾನದ ಕಂಬ ನೆಟ್ಟೆ. ಈಗ ಒಂದು ಮೊಪೆಡ್ ಇದೆ. ಯಾದಗಿರಿ, ಶಹಾಪುರ, ಸುರಪುರದ ನಡುವೆ ಕುಕ್ಕರು, ಗ್ಯಾಸಿನ ಒಲೆ ರಿಪೇರಿ ಮಾಡುತ್ತ ಓಡಾಡುತ್ತೇನೆ. ಒಂದೇ ಊರಲ್ಲಿ ನಿಂತರೆ ಅಂಗಾಲು ತುರಿಸುತ್ತದೆ.

ಇಂಥವನನ್ನು ಮಹಾ ತಿಳಿದವನು ಅಂತ ನಂಬಿದ್ದ ಜೀವ ಈ ಮೂರು ತಾಲೂಕಿನಲ್ಲಿ ಒಂದೇ: ಶಹಾಪುರದಲ್ಲಿರುವ ನನ್ನ ತಂಗಿಯ ಮಗಳು. ‘ಮಾಮಾಗ ಎಲ್ಲಾ ಗೊತ್ತದ’ ಅಂತ ಓಣಿ ತುಂಬ ಸಾರಿದವಳು. ಆ ಮಾತಿನ ರುಚಿಗೇ ನಾನು ಎಲ್ಲಿದ್ದರೂ ಶಹಾಪುರದ ಕಡೆ ಗಾಡಿ ತಿರುವುತ್ತಿದ್ದೆ. ಆದರೆ ಮಕ್ಕಳು ಬೆಳೆಯುತ್ತವೆ. ಯಾರ ಮಾತು ತೂಕದ್ದು ಅಂತ ನೋಡುವ ಅವರ ತಕ್ಕಡಿಯೂ ವರ್ಷವರ್ಷಕ್ಕೆ ಬದಲಾಗುತ್ತದೆ. ಆ ತಕ್ಕಡಿಯಲ್ಲಿ ಕೆಳಗೆ ಬೀಳದೆ ಕೂತಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಹುಡುಗಿಯ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವಳು ರೆಪ್ಪೆ ಬಡಿಯುವುದು ಬಹಳ ಕಡಿಮೆ.

ಡಬ್ಬಿಯೊಳಗಿನ ಮಾಮಾ

ಮೊಪೆಡ್ಡಿನ ಮುಂದೆ ಒಂದು ಸ್ಪೀಕರ್ ಡಬ್ಬಿ ಕಟ್ಟಿದ್ದೇನೆ. ಗುಂಡಿ ಒತ್ತಿದರೆ ನನ್ನದೇ ದನಿ ಕೂಗುತ್ತದೆ: ಕುಕ್ಕರ್ ರಿಪೇರಿಯವ ಬಂದಾನ, ನಿಮ್ಮ ಬಾಗಲಕ್ಕೇ ಬಂದಾನ, ಹಳೇದು ತರ್ರಿ, ಹೊಸಾದು ಮಾಡಿ ಕೊಡ್ತಾನ. ತಗ್ಗುದಿನ್ನಿಗಳಲ್ಲಿ ಕುಣಿಕುಣಿದು ವಯರು ಸಡಿಲಾಗಿ, ಮೊದಲಿನ ಎರಡು ಶಬ್ದ ಕೆಲವೊಮ್ಮೆ ನುಂಗಿಹೋಗುತ್ತಿದ್ದವು.

ಹುಡುಗಿಗೆ ಆಗ ಮೂರು ವರ್ಷ. ಆ ವಯಸ್ಸಿನ ಲೆಕ್ಕ ಸರಳ. ತಡವರಿಸದೆ, ಕೆಮ್ಮದೆ, ಪ್ರತಿ ಸಲ ಅದನ್ನೇ ಹೇಳುವವನೇ ತಿಳಿದವನು. ನಾನು ಮಾತಾಡುವಾಗ ನಡುವೆ ಎಲೆ ಅಡಿಕೆ ಉಗುಳುತ್ತೇನೆ. ಡಬ್ಬಿ ಉಗುಳುವುದಿಲ್ಲ. ಹೀಗಾಗಿ ಅವಳ ಪ್ರಕಾರ ನಾವು ಇಬ್ಬರು ಮಾಮಾಗಳು, ಡಬ್ಬಿಯೊಳಗಿನವನು ಹೆಚ್ಚು ಶಾಣ್ಯಾ.

ಆ ವಾರ ತಂಗಿಯ ಮಾವ ತೀರಿಕೊಂಡಿದ್ದರು. ಮನೆ ತುಂಬ ಹೆಂಗಸರು, ಅಳು, ಊದಿನಕಡ್ಡಿಯ ಹೊಗೆ. ಹುಡುಗಿ ಒಬ್ಬೊಬ್ಬರನ್ನೂ ಕೇಳಿದಳು, ಮುತ್ಯಾ ಎಲ್ಲಿ ಹೋಗ್ಯಾನ ಅಂತ. ಒಬ್ಬರು ದೇವರ ಹಂತ್ಯಾಕ ಅಂದರು, ಒಬ್ಬರು ಊರಿಗಿ ಅಂದರು, ಇನ್ನೊಬ್ಬರು ಚುಕ್ಕಿ ಆಗ್ಯಾನ ಅಂದರು. ಒಬ್ಬರಿಗೊಬ್ಬರು ತಾಳೆ ಇಲ್ಲದ ಈ ಮಂದಿಯನ್ನು ಬಿಟ್ಟು ಅವಳು ಹೊರಗೆ ಬಂದಳು. ಬೇವಿನ ಗಿಡದ ಕೆಳಗೆ ನಿಂತಿದ್ದ ಮೊಪೆಡ್ಡಿನ ಗುಂಡಿ ಒತ್ತಿ, ಡಬ್ಬಿಗೆ ಬಾಯಿ ಹಚ್ಚಿ ಅದೇ ಪ್ರಶ್ನೆ ಕೇಳಿದಳು.

ಡಬ್ಬಿ ಗರಗರ ಅಂದು ಹೇಳಿತು: ಬಂದಾನ, ನಿಮ್ಮ ಬಾಗಲಕ್ಕೇ ಬಂದಾನ.

ಅವಳು ಒಳಗೆ ಹೋಗಿ, ನಡುಮನೆಯಲ್ಲಿ ನಿಂತು, ಯಾವ ಗಡಿಬಿಡಿಯೂ ಇಲ್ಲದೆ, ಮುತ್ಯಾ ಬಾಗಲದಾಗ ನಿಂತಾನ ಅಂದಳು. ಅಳು ಕತ್ತರಿಸಿದಂತೆ ನಿಂತಿತು. ಅದೇ ಹೊತ್ತಿಗೆ ಮುಂಬಾಗಿಲು ಕಿರ್‌ ಅಂತ ತಾನಾಗಿಯೇ ತೆರೆಯಿತು. ಗಾಳಿ ಇತ್ತೋ ಇಲ್ಲವೋ ನಾನು ಹೇಳಲಾರೆ, ಬೇವಿನ ಎಲೆ ಮಾತ್ರ ಅಲ್ಲಾಡಿರಲಿಲ್ಲ. ಬಂದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅಡುಗೆಮನೆ ಸೇರಿದರು. ಜಾಗ ಬಿಟ್ಟು ಕದಲದವಳು ಗಂಡನನ್ನು ಕಳೆದುಕೊಂಡ ಮುದುಕಿ ಒಬ್ಬಳೇ. ಸೆರಗು ಸರಿ ಮಾಡಿಕೊಂಡು ಮೊಮ್ಮಗಳಿಗೆ ಹೇಳಿದಳು:

“ಕಾಲು ತೊಳಕೊಂಡು ಒಳಗ ಬಾ ಅನ್ನು. ಇದ್ದಾಗೂ ಹೊಲದ ರಾಡಿ ತಗೊಂಡೇ ಬರ್ತಿದ್ದ.”

ಮಲಗಿದಾತ

ಶಹಾಪುರದ ಗುಡ್ಡ ನೋಡಿದವರಿಗೆ ಹೇಳಬೇಕಾಗಿಲ್ಲ, ಯಾರೋ ಅಂಗಾತ ಮಲಗಿದಂತೆ ಇದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಬರೋಬರಿ. ತಂಗಿಯ ಮಾಳಿಗೆ ಹತ್ತಿದರೆ ಕಾಣುತ್ತದೆ.

ಹುಡುಗಿಗೆ ಐದು ಇರಬೇಕು. ಮಾಳಿಗೆಯ ಮೇಲೆ ನಿಂತು, ಅಂವ ಯಾವಾಗ ಏಳ್ತಾನ ಅಂತ ಅವ್ವನನ್ನು ಕೇಳಿದಳು. ತಂಗಿ ಶೇಂಗಾ ಒಣಹಾಕುತ್ತ, ಎದ್ದಾನೋ ಇಲ್ಲೋ, ಯಾರು ಕಂಡಾರವ್ವ ಅಂದಳು. ಹುಡುಗಿಗೆ ಆ ಉತ್ತರ ಹಿಡಿಸಲಿಲ್ಲ. ಈ ವಯಸ್ಸಿನ ಮಕ್ಕಳ ಕಣ್ಣಿಗೆ ಅನುಮಾನ ಪಡುವವರು ದಡ್ಡರು. ಅವಳು ನನ್ನ ಕಡೆ ತಿರುಗಿದಳು. ಮರುದಿನ ಬೆಳಕು ಹರಿಯುವುದರೊಳಗೆ ನಾನು ಯಾದಗಿರಿಯ ಹಾದಿ ಹಿಡಿಯುವವನಿದ್ದೆ. ಆದ್ದರಿಂದ ಧೈರ್ಯವಾಗಿ, ನಾಳಿ ಮುಂಜಾನೆ ಅಂದೆ.

ಬೆಳಗಿನ ಜಾವ ಥಂಡಿಗೆ ಕೌದಿ ಎಳೆದುಕೊಂಡು ಮಾಳಿಗೆಯ ಮೇಲೆ ಮಲಗೇ ಇದ್ದೆ. ಯಾರೋ ಉಸಿರಾಡಿದಂತಾಗಿ ಕಣ್ಣು ತೆರೆದರೆ, ನನ್ನ ಸುತ್ತ ಓಣಿಯ ಹುಡುಗರೆಲ್ಲ ಕಂಬಳಿ ಹೊದ್ದು ಸಾಲಾಗಿ ಕೂತಿದ್ದಾರೆ. ಎಲ್ಲರ ಮುಖ ಗುಡ್ಡದ ಕಡೆ. ಮುಂದೆ ನಮ್ಮ ಹುಡುಗಿ.

ಕೆನಾಲ್ ನೀರು ಬಂದ ಮೇಲೆ ಭತ್ತದ ಗದ್ದೆಗಳಿಂದ ಮಂಜು ಏಳುತ್ತದೆ. ಅವತ್ತೂ ಎದ್ದಿತ್ತು. ಗುಡ್ಡವೇ ಇಲ್ಲ, ಬರೀ ಬಿಳುಪು. ಆಮೇಲೆ ಮೆಲ್ಲಗೆ ಕಾಲು ಕಂಡವು. ಹೊಟ್ಟೆ ಕಂಡಿತು. ಎದೆ ಕಂಡಿತು. ತಲೆ ಇರುವ ಜಾಗದಲ್ಲಿ ಏನೂ ಇಲ್ಲ. ಬಟಾಬಯಲು ಆಕಾಶ.

“ತಲಿ ಎತ್ಯಾನ,” ಅಂತ ಒಂದು ಕೂಸು ಪಿಸುಗುಟ್ಟಿತು.

ಕೆಳಗಿನಿಂದ ಒಬ್ಬ ಹಿರಿಯ, ಮುಂಜ್ಮುಂಜಾನೆ ಏನು ನಡಸ್ಯಾವ ಈ ಹುಡುಗರು ಅಂತ ಬೈಯುತ್ತ ಮೇಲೆ ಬಂದ. ಗುಡ್ಡ ನೋಡಿದ. ಬೈಗುಳ ಅರ್ಧಕ್ಕೆ ನುಂಗಿ ಇಳಿದು ಹೋಗಿ ತನ್ನ ಎಮ್ಮೆಯನ್ನು ಮನೆಯೊಳಗೆ ಕಟ್ಟಿದ. ಹುಡುಗಿ ನನ್ನ ಕಡೆ ತಿರುಗಿದಳು. ಆ ಕಣ್ಣಲ್ಲಿ ಇದ್ದ ಗೌರವವನ್ನು ನಾನು ಜನ್ಮದಲ್ಲಿ ಮತ್ತೆಲ್ಲೂ ಕಂಡಿಲ್ಲ. ಎದ್ದವನು ಈಗ ಎತ್ತ ಹೋಗುತ್ತಾನೆ ಅಂತ ಕೇಳಿದಳು. ಗೌರವದ ಅಮಲಿನಲ್ಲಿ, ಯಾದಗಿರಿಗಿ ಅಂದುಬಿಟ್ಟೆ.

ಅವತ್ತು ನಾನು ಯಾದಗಿರಿಗೆ ಹೋಗಲಿಲ್ಲ. ಅದು ಮಂಜು ಅಂತ ನನಗೆ ಗೊತ್ತಿತ್ತು. ಆದರೂ ಆತ ಹೊರಟದ್ದು ಯಾದಗಿರಿಗೆ ಅಂತ ಹೇಳಿದವನು ಎಲ್ಲಾ ಗೊತ್ತಿದ್ದವನಲ್ಲವೇ.

ಜೇಡನ ಕಾಲು

ಸಾಲಿ ಸೇರಿದ ಮೇಲೆ ಹುಡುಗಿಯ ರೀತಿ ಬದಲಾಯಿತು. ಮೊದಲು ತನಗೆ ಗೊತ್ತಿಲ್ಲದ್ದನ್ನು ಕೇಳುತ್ತಿದ್ದಳು. ಈಗ ಗೊತ್ತಿದ್ದದ್ದನ್ನೇ ಕೇಳತೊಡಗಿದಳು. ಅದು ಎಷ್ಟು ಅಪಾಯ ಅಂತ ಪೊಲೀಸರ ಮುಂದೆ ನಿಂತವರಿಗೆ ಗೊತ್ತಿರುತ್ತದೆ.

ಒಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದೆ. ಜೇಡಕ್ಕೆ ಎಷ್ಟು ಕಾಲು ಅಂತ ಕೇಳಿದಳು. ಆರು ಅಂದೆ. ಅವಳು ಮುಷ್ಟಿ ಬಿಚ್ಚಿ ತಾಟಿನ ಅಂಚಿಗೆ ಒಂದು ಜೇಡ ಇಟ್ಟಳು. ಸತ್ತಿತ್ತು, ಆದರೆ ಒಂದು ಕಾಲು ಇನ್ನೂ ಯಾರನ್ನೋ ಕರೆಯುತ್ತಿತ್ತು.

“ಎಣಸು,” ಅಂದಳು.

ಎಂಟಿದ್ದವು. ಇದಕ್ಕೆ ಎರಡು ಹೆಚ್ಚಿಗೆ ಬಂದಾವ, ರೋಗ ಇರಬೇಕು ಅಂದೆ. ಅವಳು ಜೇಡ ಎತ್ತಿಕೊಂಡು ಹೋದಳು. ಮರುದಿನ ನನ್ನ ತಲೆದಿಂಬಿನ ಹತ್ತಿರ ಒಂದು ಗಾಜಿನ ಶೀಸೆ ಇತ್ತು. ಒಳಗೆ ಜೇಡವೋ ಜೇಡ. ಬಾಗಿಲ ಸಂದಿಯಿಂದ ಅವಳ ದನಿ ಮಾತ್ರ ಬಂತು, ಇವಕ್ಕೆಲ್ಲಾಕ್ಕೂ ರೋಗ ಅದೇನು ಅಂತ.

ಅಲ್ಲಿಂದ ಆ ಶೀಸೆ ಹಿಡಿದು ಓಣಿಯ ದೊಡ್ಡವರನ್ನೆಲ್ಲ ಪರೀಕ್ಷೆ ಮಾಡುತ್ತ ಹೋದಳು. ದರ್ಜಿ ಫೇಲಾದ, ಹಾಲಿನವನು ಪಾಸಾದ. ಕೊನೆಗೆ ಉಳಿದವಳು ಓಣಿಯ ತುದಿಯ ಹೆಣ್ಣುಮಗಳು. ಮಂಗಳವಾರ ಸಂಜೆ ಆಕೆಯ ಮೈಮೇಲೆ ದೇವಿ ಬರುತ್ತಿದ್ದಳು. ಕಳೆದುಹೋದ ದನಕರು, ಕೂಡದ ಸಂಬಂಧ ಎಲ್ಲದಕ್ಕೂ ಮಂದಿ ಹೇಳಿಕೆ ಕೇಳಲು ಬರುತ್ತಿದ್ದರು.

ಲೋಬಾನದ ಹೊಗೆ ಗವ್ ಅಂತ ಕವಿದಿತ್ತು. ಹಲಗಿ ಬಡಿತ. ಆಕೆ ಕೂದಲು ಬಿಚ್ಚಿ ಮುಖದ ಮೇಲೆ ಇಳಿಬಿಟ್ಟು ಓಲಾಡುತ್ತಿದ್ದಳು. ಆಡು ಕಳೆದುಕೊಂಡ ಒಬ್ಬ ಮನುಷ್ಯ ಆಗಷ್ಟೇ ಹೇಳಿಕೆ ಕೇಳಿ, ಮೂಡಲ ದಿಕ್ಕಿಗಿ ಹೋಗ್ಯದ ಅನ್ನಿಸಿಕೊಂಡು ಕೈಮುಗಿದಿದ್ದ. ಆ ಹೊಗೆಯೊಳಗಿಂದ ನಮ್ಮ ಹುಡುಗಿ ಶೀಸೆ ಹಿಡಿದು ಮುಂದೆ ಬಂದು, ಅದೇ ಸಪ್ಪೆ ದನಿಯಲ್ಲಿ ಕೇಳಿದಳು, ಜೇಡಕ್ಕೆ ಎಷ್ಟು ಕಾಲು ಅಂತ.

ಹಲಗಿ ನಿಂತಿತು. ದೀಪ ಒಂದು ಸಲ ಬಾಗಿ ಎದ್ದಿತು. ಕೂದಲಿನ ಒಳಗಿಂದ ಒಂದು ಕಣ್ಣು ಮಂದಿಯ ಮೇಲೆಲ್ಲ ಆಡಿ, ಹಿಂದೆ ನಿಂತಿದ್ದ ನನ್ನ ಮೇಲೆ ಬಂದು ನಿಂತಿತು. ಎಂಟು ಅಂತ ಗೊತ್ತಿದ್ದೂ ನನ್ನ ಕೈಗಳು ನನ್ನ ಮಾತು ಕೇಳಲಿಲ್ಲ. ತಾವಾಗಿ ಮೇಲೆದ್ದು ಆರು ಬೆರಳು ತೋರಿಸಿದವು. ಕೂದಲಿನ ಒಳಗಿಂದ, ಹೆಂಗಸಿನದೂ ಅಲ್ಲದ ಗಂಡಸಿನದೂ ಅಲ್ಲದ ಒಂದು ದನಿ, ಆರು ಅಂತ ಗುಡುಗಿತು.

ಹುಡುಗಿ ತಿರುಗಿ ನನ್ನ ಬೆರಳು ನೋಡಿದಳು. ನಿನ್ನ ಕಥೆ ಮುಗಿಯಿತು ಅನ್ನುವ ಹಾಗೆ, “ದೇವಿಗೂ ನಮ್ಮ ಮಾಮಾನೇ ಹೇಳಿಕೊಡ್ತಾನ,” ಅಂದು ಹೊರಟುಹೋದಳು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಆಡು ಕಳೆದುಕೊಂಡವನು ಮೆಲ್ಲಗೆ ನನ್ನ ಹತ್ತಿರ ಬಂದು ಎರಡೂ ಕೈ ಜೋಡಿಸಿದ:

“ಹಂಗಾದ್ರ ಸೀದಾ ನೀವೇ ಹೇಳಿಬಿಡ್ರಿ ಸಾಹೇಬ್ರ, ನನ್ನ ಆಡು ಎತ್ತಾಗ ಹೋಗ್ಯದ?”

ಯಾರ ಮಣ್ಣಿಗೆ

ಎಂಟು ವರ್ಷದ ಹೊತ್ತಿಗೆ ಹುಡುಗಿ ಇನ್ನೊಂದು ಮೆಟ್ಟಿಲು ಹತ್ತಿದ್ದಳು. ಒಬ್ಬನಿಗೇ ಎಲ್ಲ ಗೊತ್ತಿರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಗೊತ್ತಿರುತ್ತದೆ ಅಂತ ಅವಳಿಗೆ ತಿಳಿದಿತ್ತು. ಬಸ್ಸಿನ ವಿಷಯಕ್ಕೆ ಸ್ಟ್ಯಾಂಡಿನ ಪಾನ್ ಡಬ್ಬಿಯವನು, ಮೀನಿನ ವಿಷಯಕ್ಕೆ ನದಿ ದಂಡೆಯಿಂದ ಬುಟ್ಟಿ ತರುವ ಮುದುಕಿ, ಲೆಕ್ಕಕ್ಕೆ ಸಾಲಿಯ ಟೀಚರ್. ನನಗೆ ಯಾವ ಖಾತೆ ಕೊಟ್ಟಿದ್ದೀ ಅಂತ ಕೇಳಿದೆ. ಬಹಳ ಹೊತ್ತು ನನ್ನ ಮುಖ ನೋಡಿ, ಇನ್ನಾ ನೋಡಾಕತ್ತೀನಿ ಅಂದಳು.

ಹಾದಿಯ ಖಾತೆಯಾದರೂ ಸಿಗಬೇಕು ಅಂತ ನಾನು ನಿಶ್ಚಯ ಮಾಡಿದೆ. ಜನ್ಮವೆಲ್ಲ ಹಾದಿಯ ಮೇಲೇ ಕಳೆದವನು, ಅದೂ ಸಿಗದಿದ್ದರೆ ಹೇಗೆ. ಒಮ್ಮೆ ರಾಮಸಮುದ್ರದ ಬೀಗರ ಮನೆಯಿಂದ ಯಾದಗಿರಿಗೆ ಅವಳನ್ನು ಹಿಂದೆ ಕೂಡಿಸಿಕೊಂಡು ಹೊರಟೆ. ಸಂಜೆಯಾಗಿತ್ತು. ಹೊಲದಲ್ಲಿ ಹತ್ತಿಕಟಗಿ ಸುಟ್ಟ ಹೊಗೆ ನೆಲದ ಮೇಲೇ ಹಾಸಿಕೊಂಡಿತ್ತು. ಹಾದಿ ಎರಡಾಗುವಲ್ಲಿ ಗಾಡಿ ನಿಂತಿತು. ಖರೆ ಗೊತ್ತದೇನು ಅಂತ ಕೇಳಿದಳು. ನಿಮ್ಮವ್ವನ ಮದುವಿಗಿಂತ ಮೊದಲಿನಿಂದ ಈ ಹಾದಿ ತುಳದೀನಿ ಅಂದು ಎಡಕ್ಕೆ ತಿರುಗಿಸಿದೆ.

ಮುಂದೆ ಮುಂದೆ ಹೋದಂತೆ ಹಾದಿ ಸಣ್ಣದಾಯಿತು. ಜಾಲಿ ಕಂಟಿ ಎರಡೂ ಕಡೆಯಿಂದ ಅಂಗಿ ಹಿಡಿದು ಜಗ್ಗತೊಡಗಿತು. ಹಕ್ಕಿಯ ದನಿ ನಿಂತಿತು. ಹೊಗೆ ತೆಳುವಾದಾಗ ನೋಡಿದರೆ ಸುತ್ತ ಬರೀ ಗೋರಿಯ ಗುಡ್ಡೆಗಳು, ಕೆಲವಕ್ಕೆ ಕಲ್ಲು, ಕೆಲವಕ್ಕೆ ಒಣಗಿದ ಹೂವು. ಹಾದಿ ಅಲ್ಲಿಗೆ ಮುಗಿದಿತ್ತು.

ಒಂದು ಕಲ್ಲಿನ ಮೇಲೆ ಒಬ್ಬ ಮನುಷ್ಯ ಸಲಿಕೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಸೇದುತ್ತ ಕೂತಿದ್ದ. ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ಕಾಯುತ್ತಿದ್ದವನಂತೆ, ಯಾರ ಮಣ್ಣಿಗಿ ಬಂದೀರಿ ಅಂತ ಕೇಳಿದ.

ಹುಡುಗಿ ಹಿಂದಿನ ಸೀಟಿನಿಂದ ಬೆರಳು ಚಾಚಿ ನನ್ನ ಬೆನ್ನಿಗೆ ಮುಟ್ಟಿಸಿ, “ಇವರದು,” ಅಂದಳು.

ಆತ ನನ್ನನ್ನು ಕಾಲಿನಿಂದ ತಲೆಯವರೆಗೆ, ಉದ್ದ ಅಳೆಯುವವನಂತೆ ನೋಡಿದ. ಬೀಡಿ ಆರಿಸಿ ಎದ್ದ. ನನ್ನ ಕಡೆ ಮಾತಾಡಲಿಲ್ಲ, ಹುಡುಗಿಗೇ ಹೇಳಿದ:

“ಲಗೂನೇ ಕರಕೊಂಡು ಬಂದಿ. ಕುಣಿ ಇನ್ನಾ ಅರ್ಧಾನೂ ತೋಡಿಲ್ಲ. ಅಲ್ಲೇ ಕಲ್ಲಿನ ಮ್ಯಾಲ ಕುಂಡ್ರಾಕ ಹೇಳು.”

ಸುರಪುರದ ಬಾವಿ

ಇದಾದ ಮೇಲೆ ನನಗೆ ಖಾತೆ ಸಿಕ್ಕಿತು. ಹುಡುಗಿ ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದಳು. ಒಮ್ಮೆ ಖರೆ, ಒಮ್ಮೆ ತಪ್ಪು ಹೇಳುವವರಿಂದ ಏನೂ ಉಪಯೋಗವಿಲ್ಲ, ಯಾವಾಗ ಯಾವುದು ಅಂತ ತಿಳಿಯುವುದಿಲ್ಲ. ನಮ್ಮ ಮಾಮಾ ಹಾಗಲ್ಲ. ಯಾವಾಗಲೂ ತಪ್ಪೇ ಹೇಳುತ್ತಾನೆ. ಉಲ್ಟಾ ಹಿಡಿದರೆ ಆಯಿತು.

ನಾನು ಮಳೆ ಬರ್ತದ ಅಂದರೆ ಓಣಿಯವರು ಹಪ್ಪಳ ಒಣಹಾಕುತ್ತಿದ್ದರು. ಬರಲ್ಲ ಅಂದರೆ ಕಟಗಿ ಒಳಗೆ ಸೇರಿಸುತ್ತಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ರೂಢಿಯಾಯಿತು. ಮನುಷ್ಯನ ಮಾತಿಗೆ ಒಂದು ಬೆಲೆ ಅಂತ ಇದ್ದರೆ ಸಾಕು, ಅದು ಹಿಂದುಮುಂದಾಗಿದ್ದರೂ ನಡೆಯುತ್ತದೆ ಅಂತ ಸಮಾಧಾನ ಮಾಡಿಕೊಂಡೆ.

ಹುಡುಗಿಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಸುರಪುರದಲ್ಲಿ ಸಂಬಂಧಿಕರ ಮದುವೆ ಇತ್ತು. ಅವರ ಮನೆ ಗುಡ್ಡದ ಇಳಿಜಾರಿನಲ್ಲಿ. ಹಿಂದೆ ಮುಳ್ಳುಕಂಟಿಯೊಳಗೆ ಹಳೆಯ ಕಾಲದ ಮೆಟ್ಟಿಲ ಬಾವಿ. ಅದರೊಳಗೆ ಒಬ್ಬಾಕಿ ಇದ್ದಾಳೆ, ಬಗ್ಗಿದವರ ಹೆರಳು ಹಿಡಿದು ಜಗ್ಗುತ್ತಾಳೆ ಅಂತ ಮಾತು. ಮಧ್ಯಾಹ್ನದ ಊಟ ಮುಗಿಸಿ, ಗದ್ದಲದಿಂದ ತಪ್ಪಿಸಿಕೊಂಡು ಬೀಡಿ ಸೇದಲು ನಾನು ಅತ್ತ ಹೋದೆ. ಬಾವಿಯ ಕಟ್ಟೆಗೆ ಕೈ ಊರಿದ್ದೇ ತಡ, ಒಂದು ಕಲ್ಲು ಮೆತ್ತಗೆ ಕಿತ್ತು ಒಳಗೆ ಹೋಯಿತು. ಅದು ಬಿದ್ದ ಸಪ್ಪಳಕ್ಕೆ ಕಾದೆ. ಸಪ್ಪಳ ಬರಲಿಲ್ಲ. ಬೀಡಿ ಕೈಯಲ್ಲೇ ಆರಿತು, ಆದರೂ ಕಾದೆ. ಮೆಟ್ಟಿಲುಗಳ ಕೆಳಗಿನ ಮಣ್ಣೆಲ್ಲ ಯಾವಾಗಲೋ ಜರಿದುಹೋಗಿ, ಕಲ್ಲುಗಳು ಬರೀ ರೂಢಿಯ ಮೇಲೆ ನಿಂತಿದ್ದವು.

ಹಿಂದೆ ಸರಿದು ತಿರುಗಿದರೆ, ಮದುವೆ ಮನೆಯ ಹುಡುಗರ ದಂಡು ಕಂಟಿ ಸರಿಸಿಕೊಂಡು ಬರುತ್ತಿದೆ. ಬಾವಿಯೊಳಗಿನಾಕಿಯನ್ನು ನೋಡಲು ಇಳಿಯುವವರು. ಮುಂದೆ ನಮ್ಮ ಹುಡುಗಿ. ಅವಳ ಕೈಯಲ್ಲಿ ಶಾಮಿಯಾನದ ಹಗ್ಗ.

“ಮಾಮಾ, ಮೆಟ್ಲ ಇಳೀಬಹುದೇನು?” ಅಂತ ಕೇಳಿದಳು. ಎಲ್ಲ ಹುಡುಗರೂ ನನ್ನ ಬಾಯಿ ನೋಡುತ್ತ ನಿಂತರು. ಆ ಸುರಪುರದ ಮಕ್ಕಳಿಗೂ ಇವಳು ನನ್ನ ಮಹಿಮೆ ಹೇಳಿ ಮುಗಿಸಿದ್ದಳು.

ಇಳೀಬ್ಯಾಡ್ರಿ, ಕಲ್ಲು ಸಡಿಲ ಅವ ಅಂದರೆ, ಗಟ್ಟಿ ಅವ ಅಂತ ಹಿಡಿದು ಎಲ್ಲರೂ ಒಮ್ಮೆಗೇ ಇಳಿಯುತ್ತಾರೆ. ಓಡಿ ಹಿಡಿಯೋಣವೆಂದರೆ ಅವರು ಹಿಂಡು, ನಾನು ಒಬ್ಬ. ಜೀವನದಲ್ಲಿ ಮೊದಲ ಸಲ ಒಂದು ಖರೆ ಮಾತು ನನ್ನ ಕೈಗೆ ಸಿಕ್ಕಿತ್ತು, ಅದನ್ನು ಇಡಲು ಜಾಗವಿರಲಿಲ್ಲ.

ನಗು ತಂದುಕೊಂಡು ಹೇಳಿದೆ:

“ಇಳೀರಿ, ಇಳೀರಿ. ಸಿಮೆಂಟಿನಂಗ ಗಟ್ಟಿ ಅವ. ಒಳಗ ಯಾರೂ ಇಲ್ಲ.”

ಹುಡುಗರು ಕಲ್ಲಾದರು. ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲಕ್ಕಿಂತ ಸಣ್ಣದು ಬಾಯಿ ತೆರೆದು ಅಳತೊಡಗಿತು, ಅದೇ ಸಾಕಾಯಿತು. ಕಂಟಿ, ಮುಳ್ಳು, ಚಪ್ಪಲಿ ಯಾವುದನ್ನೂ ನೋಡದೆ ಇಡೀ ದಂಡು ಮದುವೆ ಮನೆಯ ಕಡೆ ಹಾರಿಹೋಯಿತು. ಉಳಿದವಳು ನಮ್ಮ ಹುಡುಗಿ ಒಬ್ಬಳೇ. ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ಇಳಿಜಾರಿನ ಕಡೆ ಕರೆದುಕೊಂಡು ಹೊರಟೆ. ಇಳೀರಿ ಅಂದವನೇ ದೂರ ಎಳೆಯುತ್ತಿದ್ದಾನೆ ಅನ್ನುವುದು ಅವಳ ಕಣ್ಣು ತಪ್ಪಲಿಲ್ಲ.

“ಮೆಟ್ಲ ಸಡ್ಲ ಅವಂತ ನಿನಗ ಗೊತ್ತಿತ್ತು,” ಅಂದಳು.

ನಾನು ನಡಿಗೆ ಚುರುಕು ಮಾಡಿದೆ.

“ನಾವು ಉಲ್ಟಾ ಹಿಡೀತೀವಂತನೂ ಗೊತ್ತಿತ್ತು. ಅದಕ್ಕೇ ಬೇಕಂತ ಹಂಗ ಹೇಳಿದಿ.”

ನನ್ನ ಎದೆ ಅರಳಿತು. ಕೊನೆಗಾದರೂ ಒಂದು ವಿಷಯ ನನಗೆ ಗೊತ್ತಿತ್ತು ಅಂತ ಈ ಹುಡುಗಿ ತನ್ನ ಬಾಯಿಂದ ಒಪ್ಪಿದಳಲ್ಲ. ಹಳೆಯ ಪದವಿ ಇನ್ನೇನು ಮರಳಿ ಬರುತ್ತದೆ ಅಂತ ಕಾಯುತ್ತ ನಡೆದೆ. ಅವಳು ನಾಲ್ಕು ಹೆಜ್ಜೆ ಯೋಚನೆ ಮಾಡಿ ತೀರ್ಪು ಕೊಟ್ಟಳು.

“ಹಂಗಾದ್ರ ನಿನ್ನ ತಪ್ಪಿಗೂ ಭರೋಸಾ ಇಲ್ಲ. ಇನ್ನ ಮ್ಯಾಲ ನಿನಗ ಏನೂ ಕೇಳಂಗಿಲ್ಲ.”

ಇದ್ದ ಒಂದು ಖಾತೆಯೂ ಹೋಯಿತು. ನೌಕರಿ ಕಳೆದುಕೊಂಡವನು ತನ್ನ ಜಾಗಕ್ಕೆ ಯಾರು ಬರುತ್ತಾರೆ ಅಂತ ವಿಚಾರಿಸುವಂತೆ, ಮತ್ತ ಯಾರಿಗಿ ಕೇಳ್ತಿ ಅಂದೆ.

“ಗೊತ್ತಿಲ್ಲ ಅನ್ನೋರಿಗಿ ಕೇಳ್ತೀನಿ,” ಅಂದಳು. “ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳೋರು, ಗೊತ್ತದ ಅಂದಾಗ ಖರೇನೇ ಹೇಳ್ತಾರ. ನಿನ್ನ ಬಾಯಾಗ ಆ ಮಾತು ಒಂದಿನಾನೂ ಬಂದಿಲ್ಲ.”

ಅಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಅಂತ ನಾನು ನಕ್ಕೆ. ಒಬ್ಬಾಕಿ ಸಿಕ್ಕಾಳ ಅಂದಳು. ಯಾರು ಅಂತ ಕೇಳಿದೆ. ಅವಳು ತಿರುಗಿ ನೋಡದೆ, ಗದ್ದದಿಂದಲೇ ಹಿಂದಿನ ಮುಳ್ಳುಕಂಟಿಯ ಕಡೆ ತೋರಿಸಿದಳು.

“ಮುಂಜಾನಿ ನಾ ಒಬ್ಬಾಕಿನೇ ಬಂದು ಬಾವ್ಯಾಗ ಬಗ್ಗಿ ಕೇಳಿದ್ನಿ, ಒಳಗ ಯಾರರ ಅದೀರೇನು ಅಂತ. ‘ನನಗ ಗೊತ್ತಿಲ್ಲವ್ವ’ ಅಂದಳು.”